ಕೂದಲು ಮಗನದು, ಮಾತು ಓಣಿಯದು

ನನ್ನ ಮಗನ ತಲೆಯ ಮೇಲೆ ರಬ್ಬರ್ ಬ್ಯಾಂಡ್ ನಿಲ್ಲುವುದಿಲ್ಲ. ಕ್ಲಿಪ್ ಹಾಕಿದರೆ ಅವನು ಮಾತಾಡುತ್ತಿರುವಾಗಲೇ ಜಾರಿ ಹಾಲಿನ ಲೋಟಕ್ಕೆ ಬೀಳುತ್ತದೆ. ಅಷ್ಟು ನಯ ಕೂದಲು. ಜವಳ ತೆಗೆಸಿದಾಗ "ಒಮ್ಮೆ ಬೋಳಿಸಿದ್ರ ಮುಂದ ದಪ್ಪ ಬರ್ತಾವ" ಎಂದು ನೆಂಟರೆಲ್ಲ ಗ್ಯಾರಂಟಿ ಕೊಟ್ಟಿದ್ದರು. ಬರಲಿಲ್ಲ. ಬರುವುದೂ ಇಲ್ಲ. ಕೂದಲು ಎಷ್ಟು ದಪ್ಪ ಇರಬೇಕು ಅನ್ನುವುದು ಚರ್ಮದ ಒಳಗಿನ ಬೇರಿನಲ್ಲೇ ತೀರ್ಮಾನ ಆಗಿರುತ್ತದೆ. ಬ್ಲೇಡಿನ ಮಾತು ಅಲ್ಲಿ ನಡೆಯುವುದಿಲ್ಲ. ಬೋಳಿಸಿದ ಮೇಲೆ ಮೊಂಡು ತುದಿ ಕೈಗೆ ಚುಚ್ಚುತ್ತದೆ, ಅದನ್ನೇ ನಾವು ದಪ್ಪ ಅಂದುಕೊಳ್ಳುತ್ತೇವೆ.

ಇಂಥ ತಲೆಯವನಿಗೆ ಕ್ರಿಸ್ ಗೇಲ್‌ನ ಜಟೆ ಬೇಕಾಯಿತು.

ಇದಕ್ಕೆ ಪೂರ್ತಿ ಕಾರಣ ನಮ್ಮನೆಯವರು. 2025ರಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಾಗಿನಿಂದ ಅವರಿಗೆ ಹಳೆ ಮ್ಯಾಚುಗಳ ಹುಚ್ಚು. ಊಟಕ್ಕೆ ಕೂತರೆ ಸಾಕು, ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ, 2013ರಲ್ಲಿ ಗೇಲ್ ಚಿನ್ನಸ್ವಾಮಿಯಲ್ಲಿ ಪುಣೆಯವರ ಮೇಲೆ 66 ಬಾಲಿಗೆ 175 ಹೊಡೆದದ್ದನ್ನು ಹಾಕುತ್ತಾರೆ. ಒಟ್ಟು 17 ಸಿಕ್ಸ್. ಅವರು ಸಿಕ್ಸ್ ಎಣಿಸುತ್ತಾರೆ, ಮಗ ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದ ಜಟೆ ನೋಡುತ್ತಾನೆ. ನಾನು ಬಡಿಸಿದ ರೊಟ್ಟಿ ತಣ್ಣಗಾಗುವುದನ್ನು ಯಾರೂ ನೋಡುವುದಿಲ್ಲ.

"ಯವ್ವಾ, ನನಗೂ ಹಂಗ ಮಾಡು."

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತು. ಬೆಳಗಾವಿಯವರಿಗೆ ರಜೆ ಅಂದರೆ ಗೋವಾ, ಚೋರ್ಲಾ ಘಾಟ್ ಇಳಿದರೆ ಆಯ್ತು. ಅರಂಬೋಲ್ ಬೀಚಿನ ಕಡೆ ಜಟೆ ಕಟ್ಟಿಕೊಡುವವರು ಇರುತ್ತಾರೆ. ಅವರಲ್ಲಿ ಒಬ್ಬ, ಸೊಂಟದವರೆಗೆ ಜಟೆ ಬಿಟ್ಟವನು, ಮಗನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ. ಇದು ಆಗೋ ಮಾತಲ್ಲ, ದೊಡ್ಡವನಾದ ಮೇಲೆ ಕರ್ಕೊಂಡು ಬನ್ನಿ ಅಂತ ಹಿಂದಿಯಲ್ಲಿ ಹೇಳಿದ. ಗುಂಗುರು ಕೂದಲು ತಾನಾಗಿಯೇ ಒಂದಕ್ಕೊಂದು ಸುತ್ತಿಕೊಂಡು ಗಂಟು ಬೀಳುತ್ತದೆ. ಚಿಕ್ಕ ಮಕ್ಕಳ ನೇರ, ನಯ ಕೂದಲಿಗೆ ಹಿಡಿತವೇ ಇಲ್ಲ, ಹಾಕಿದ ಗಂಟು ಜಾರಿ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಎಳೆ ನೆತ್ತಿ ನೋಯುತ್ತದೆ, ಹಣೆಯಂಚಿನ ಕೂದಲು ಉದುರಲು ಶುರುವಾಗುತ್ತದೆ. ಇಷ್ಟನ್ನೂ ಹೇಳಿ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಪುಕ್ಕಟೆ ಸಲಹೆಗೆ ನಮ್ಮ ಮನೆಯಲ್ಲಿ ಯಾವತ್ತೂ ಕಿಮ್ಮತ್ತಿಲ್ಲ. ಬೆಳಗಾವಿಯ ಶಹಾಪುರದ ಮನೆಗೆ ಬಂದವಳೇ ನಾನೇ ಶುರು ಹಚ್ಚಿಕೊಂಡೆ. ಬಿಗಿ ಮಾತ್ರ ಮಾಡುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಮೊದಲು ತಲೆ ತೊಳೆದು ಎಣ್ಣೆಯ ಅಂಶವೆಲ್ಲ ತೆಗೆಯಬೇಕು. ಎಣ್ಣೆ ಇದ್ದರೆ ಕೂದಲು ಜಾರುತ್ತದೆ. ಹುಟ್ಟಿದಾಗಿನಿಂದ ನಮ್ಮ ಅತ್ತೆ ಕೊಬ್ಬರಿ ಎಣ್ಣೆ ಕುಡಿಸಿ ಬೆಳೆಸಿದ ತಲೆ ಅದು. ತೊಳೆದು ತೊಳೆದು ನನಗೇ ನೆಗಡಿ ಬಂತು. ಆಮೇಲೆ ಚೌಕ ಚೌಕವಾಗಿ ಬೈತಲೆ ತೆಗೆದು ಭಾಗ ಮಾಡಿದೆ. ನಯ ಕೂದಲಿಗೆ ಭಾಗ ಸ್ವಲ್ಪ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಜಟೆಯ ಬದಲು ದಾರ ಆಗುತ್ತದೆ. ಒಂದೊಂದು ಭಾಗವನ್ನೂ ಸಣ್ಣ ಹಲ್ಲಿನ ಹಣಿಗೆಯಿಂದ ಉಲ್ಟಾ, ಅಂದರೆ ತುದಿಯಿಂದ ಬುಡದ ಕಡೆಗೆ ಬಾಚಬೇಕು. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿರುತ್ತವೆ, ಎಲ್ಲವೂ ತುದಿಯ ಕಡೆ ಮುಖ ಮಾಡಿ ಮಲಗಿರುತ್ತವೆ. ಉಲ್ಟಾ ಬಾಚಿದಾಗ ಅವು ಎದ್ದು ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತವೆ. ನಂತರ ಅಂಗೈಗಳ ನಡುವೆ ಇಟ್ಟು ಹೊಸೆಯುವುದು, ಹೊರಗೆ ಉಳಿದ ಎಳೆಗಳನ್ನು ಕ್ರೋಶಾ ಸೂಜಿಯಿಂದ ಒಳಗೆ ಎಳೆಯುವುದು. ದೀಪದ ಬತ್ತಿ ಹೊಸೆದು ರೂಢಿ ಇದ್ದ ಕೈ, ಅದೇನೂ ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಮಗನನ್ನು ಕೂರಿಸುವುದು. ಆರು ವರ್ಷದ ಹುಡುಗ ಅಲುಗಾಡದೆ ಇರುವುದು ನಿದ್ದೆಯಲ್ಲೂ ಇಲ್ಲ. ಕೈಗೆ ಶೇಂಗಾ ಚಿಕ್ಕಿ ಕೊಟ್ಟು ಕೂರಿಸಿದೆ. ಈ ಚಿಕ್ಕಿ ನೆನಪಿರಲಿ, ಮುಂದೆ ಬರುತ್ತದೆ.

ನಮ್ಮನೆಯವರು ಹೇರ್ ವ್ಯಾಕ್ಸ್ ಡಬ್ಬಿ ತಂದು ಸಹಾಯ ಮಾಡಲು ನಿಂತರು. ಅದನ್ನು ಹತ್ತಿರ ಸೇರಿಸಲಿಲ್ಲ. ಮೇಣ ಜಟೆಯ ಒಳಗೆ ಸೇರಿದರೆ ಸೋಪಿಗೂ ಜಗ್ಗುವುದಿಲ್ಲ, ಧೂಳು ಮಾತ್ರ ಹಿಡಿದು ಕೂರುತ್ತದೆ. ಆ ಡಬ್ಬಿಯನ್ನು ಈಗ ಬಿಗಿಯಾದ ಡ್ರಾಯರಿಗೆ ಹಚ್ಚುತ್ತಿದ್ದೇವೆ. ಚೆನ್ನಾಗಿ ಕೆಲಸ ಮಾಡುತ್ತದೆ.

ಸಂಜೆಯ ಹೊತ್ತಿಗೆ ತಲೆಯ ಮೇಲೆ ಹನ್ನೊಂದು ಜಟೆ. "ಪೂರ್ತಿ ಟೀಮ್ ಆತು" ಅಂದರು ನಮ್ಮನೆಯವರು. ರಾತ್ರಿ ಮಗ ದಿಂಬಿನ ಮೇಲೆ ತಲೆ ತಿಕ್ಕಿ ತಿಕ್ಕಿ ಮಲಗಿದ. ಬೆಳಗ್ಗೆ ಚಹಾ ಹೊತ್ತಿಗೆ ನಾಲ್ಕು ವಿಕೆಟ್ ಹೋಗಿದ್ದವು. ಓಪನರ್‌ಗಳು, ಅಂದರೆ ಹಣೆಯ ಮೇಲಿನವು, ಮೊದಲೇ ಔಟ್. ನಾನು ಮತ್ತೆ ಬಾಚಿ, ಹೊಸೆದು ಕ್ರೀಸಿಗೆ ಕಳಿಸುವುದು, ಅವು ಮಧ್ಯಾಹ್ನದೊಳಗೆ ಪೆವಿಲಿಯನ್ನಿಗೆ ಬರುವುದು. ನಮ್ಮನೆಯವರು ಆಫೀಸಿನಿಂದ ಫೋನ್ ಮಾಡಿ ಸ್ಕೋರ್ ಕೇಳತೊಡಗಿದರು.

ಇನ್ನು ಓಣಿ. ಇಲ್ಲಿ ಮಗುವಿನ ತಲೆ ಅಪ್ಪ-ಅವ್ವನ ಸ್ವತ್ತು ಅಂತ ಯಾರಾದರೂ ತಿಳಿದಿದ್ದರೆ ಒಮ್ಮೆ ಶಹಾಪುರಕ್ಕೆ ಬಂದು ಹೋಗಲಿ. ತರಕಾರಿ ಗಾಡಿಯವಳು "ಸಾಲಿ ಬಿಡಿಸೀರೇನ್ರೀ?" ಅಂದಳು. ಕಿರಾಣಿ ಅಂಗಡಿಯ ಅಣ್ಣಾರು ಏನೂ ಕೇಳದೆ ಹೇನಿನ ಔಷಧಿ ತೆಗೆದು ಕೌಂಟರಿನ ಮೇಲಿಟ್ಟರು. ಪಕ್ಕದ ಮನೆಯ ಮರಾಠಿ ಕಾಕು "ಅಗಬಾಯಿ!" ಎಂದು ಬಾಯಿಗೆ ಕೈಯಿಟ್ಟುಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಎಣ್ಣೆ ಬಾಟಲಿ ಇತ್ತು.

ನಿಜವಾದ ಗದ್ದಲ ಆದದ್ದು ಮಗಳ ಮನೆಗೆ ಹೋಗಿದ್ದ ಅತ್ತೆ ಗೋಕಾಕದಿಂದ ವಾಪಸ್ ಬಂದಾಗ. ಕರದಂಟಿನ ಡಬ್ಬಿ ಕೆಳಗಿಟ್ಟು, ಮೊಮ್ಮಗನ ತಲೆ ನೋಡಿ, ಎರಡೂ ಕೈ ಎತ್ತಿ "ಉಧೋ ಎಲ್ಲವ್ವಾ!" ಅಂದರು. ಅವರ ಗಾಬರಿ ಸುಳ್ಳಲ್ಲ. ನಮ್ಮ ಜಿಲ್ಲೆಯಲ್ಲಿ ಜಟೆ ಬಿದ್ದರೆ ಅದು ಸವದತ್ತಿ ಎಲ್ಲಮ್ಮನ ಕರೆ ಅನ್ನುವ ನಂಬಿಕೆ. ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ತಲೆಯಲ್ಲಿ ಸಿಕ್ಕುಬಿದ್ದ ಒಂದು ಗಂಟಿನ ನೆಪದಲ್ಲಿ ಹಿಂದೆ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿಬಿಟ್ಟರು. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಆಯಿತು, ನಂಬಿಕೆಗೆ ಕಾನೂನು ಓದಲು ಬರುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೆಂಗಸರ ಮನ ಒಲಿಸಿ, ಧೈರ್ಯ ಹೇಳಿ ಜಟೆ ಕತ್ತರಿಸುತ್ತಾರೆ. ಅಲ್ಲಿ ಅವರು ತೆಗೆಯಲು ಒದ್ದಾಡುತ್ತಿದ್ದರೆ ಇಲ್ಲಿ ನಾನು ಕ್ರೋಶಾ ಸೂಜಿ ಹಿಡಿದು ಬರಿಸಲು ಒದ್ದಾಡುತ್ತಿದ್ದೆ.

"ಅತ್ತಿ, ಇದು ದೇವರದಲ್ಲ, ಕ್ರಿಕೆಟ್ಟಿಂದು" ಎಂದು ಗೇಲ್‌ನ ಫೋಟೋ ತೋರಿಸಿದೆ.

"ಅವನ ಮ್ಯಾಲೂ ಎಲ್ಲವ್ವ ಬಂದಾಳೇನು?"

ಅವನಿಗೆ ಅದು ಸ್ಟೈಲ್ ಅಷ್ಟೇ, ಆದರೆ ಅವನ ಊರು ಜಮೈಕಾದಲ್ಲಿ ರಾಸ್ತಾಫಾರಿ ಅಂತ ಒಂದು ಪಂಥದವರು ಇದ್ದಾರೆ, 1930ರಲ್ಲಿ ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿಗೆ ಪಟ್ಟ ಆದಮೇಲೆ ಶುರುವಾದ ಪಂಥ, ಅವರಲ್ಲಿ ಬಹಳ ಮಂದಿ ತಲೆಗೆ ಕತ್ತರಿ ತಾಗಿಸುವುದಿಲ್ಲ, ಬೈಬಲ್ಲಿನಲ್ಲಿ ಹಾಗೆ ವ್ರತ ಹಿಡಿಯುವವರ ಮಾತು ಬರುತ್ತದೆ ಅಂತೆಲ್ಲ ವಿವರಿಸಿದೆ. ಅತ್ತೆ ಎಲ್ಲವನ್ನೂ ಕೇಳಿ, "ಅಂದ್ರ ಅವರೂ ಹರಕಿ ಹೊತ್ತವರ ಅನ್ನು" ಎಂದು ಕರದಂಟು ಬಿಚ್ಚಿದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆದರೆ ಗಾಬರಿ ಪೂರ್ತಿ ಹೋಗಿರಲಿಲ್ಲ. ಎಲ್ಲಮ್ಮನ ಹೆಸರಲ್ಲಿ ಶುಕ್ರವಾರ ಬೇಡಲು ಬರುವ ಜೋಗವ್ವನಿಗೆ ತೋರಿಸಲೇಬೇಕು ಅಂತ ಹಟ.

ಜೋಗವ್ವ ಬಂದಳು. ಹಣೆ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಹಗ್ಗದಷ್ಟು ದಪ್ಪ ಜಟೆ. ದೇವಿಯ ಬುಟ್ಟಿ ಪಡಲಗಿಯನ್ನು ಕಟ್ಟೆಯ ಮೇಲಿಟ್ಟು ಮಗನನ್ನು ಕಾಲ ನಡುವೆ ನಿಲ್ಲಿಸಿಕೊಂಡಳು. ಒಂದು ಜಟೆಯನ್ನು ಹಿಡಿದು ಮೂಸಿದಳು. ಬುಡದ ಹತ್ತಿರ ಹೆಬ್ಬೆರಳಿಂದ ಒತ್ತಿದಳು. ತುದಿ ಹಿಡಿದು ಮೆಲ್ಲಗೆ ಜಗ್ಗಿದಳು. ಅದು ಅರ್ಧದವರೆಗೆ ಬಿಚ್ಚಿಕೊಂಡು ಅವಳ ಕೈಯಲ್ಲೇ ಹರಡಿತು. ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಇದು ಎಲ್ಲವ್ವನ ಜಡಿ ಅಲ್ಲ ಬಿಡವಾ. ಆಕಿ ಜಡಿ ತಾನ ಬರ್ತೈತಿ. ಇದು ಯಾರೋ ಕೈಲೆ ಮಾಡಿದ್ದು." ಸ್ವಲ್ಪ ತಡೆದು ಸೇರಿಸಿದಳು, "ಮಾಡಿದ್ದೂ ಚೊಲೊ ಇಲ್ಲ."

ಓಣಿಯ ಅರ್ಧ ಜನ ಕೇಳಿಸಿಕೊಂಡರು. ಜೋಗವ್ವ ನನಗೆ ಪಾಠವನ್ನೂ ಹೇಳಿದಳು. ಬಾಚಬ್ಯಾಡ, ಎಣ್ಣಿ ಹಚ್ಚಬ್ಯಾಡ, ಗಳಿಗಿಗೊಮ್ಮೆ ಕೈ ಹಚ್ಚಬ್ಯಾಡ, ಉದುರಿದ ಕೂದಲಾ ಅಲ್ಲೇ ಇರ್ಲಿ. ಸರಿಯಾದ ಮಾತು. ದೊಡ್ಡವರ ತಲೆಯಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ನಮ್ಮದು ಹಣಿಗೆಗೆ ಬರುತ್ತದೆ, ಅವಳದು ಜಟೆಯೊಳಗೇ ಉಳಿದು ಅದನ್ನು ಗಟ್ಟಿ ಮಾಡುತ್ತದೆ. ಇಷ್ಟು ತಿಳಿವಳಿಕೆಗೆ ಒಂದು ಸೇರು ಜೋಳ ಮತ್ತು ಐವತ್ತು ರೂಪಾಯಿ. ಮಗನ ಹಣೆಗೆ ಭಂಡಾರ ಹಚ್ಚಿ ಮುಂದಿನ ಮನೆಗೆ ಹೋದಳು.

ಜೂನ್ ಬಂತು. ಶಾಲೆಯೂ ಬಂತು, ಮಳೆಯೂ ಬಂತು. ಬೆಳಗಾವಿಯ ಮಳೆಯಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಜಟೆ ಎಲ್ಲಿ ಒಣಗಬೇಕು? ಒಳಗೆ ಪಸೆ ಉಳಿದರೆ ಮುಗ್ಗಲು ವಾಸನೆ. ಟೇಬಲ್ ಫ್ಯಾನಿನ ಮುಂದೆ ಮಗನನ್ನು ಕೂರಿಸಿ, ಅವನು ಫ್ಯಾನಿಗೆ "ಆಆಆ" ಅನ್ನುವುದನ್ನು ಕೇಳುತ್ತಾ ಕೂರುವುದೇ ನನ್ನ ಸಂಜೆಯ ಕೆಲಸವಾಯಿತು. ಅಷ್ಟರಲ್ಲಿ ಕ್ಲಾಸಿನ ಬೆಂಚಿನಿಂದ ಬೆಂಚಿಗೆ ಹೇನು ಹೊರಟು ನಮ್ಮ ಮನೆಗೂ ಬಂತು. ಹೇನಿಗೆ ಜಟೆ ಅಂದರೆ ಭಯ ಇಲ್ಲ. ಬೆಚ್ಚಗಿನ ನೆತ್ತಿ, ಹೀರಲು ರಕ್ತ, ಇಷ್ಟು ಸಾಕು ಅದಕ್ಕೆ. ಭಯ ಇದ್ದದ್ದು ನನಗೆ. ಹೇನು-ಸೀರು ತೆಗೆಯಬೇಕೆಂದರೆ ಬುಡದಿಂದ ತುದಿಯವರೆಗೆ ಸೀರಣಿಗೆ ಓಡಬೇಕು, ಜಟೆಯಲ್ಲಿ ಅದು ಎಲ್ಲಿಂದ ಓಡೀತು? ಕಿರಾಣಿ ಅಂಗಡಿಯ ಅಣ್ಣಾರು ಔಷಧಿ ಬಾಟಲಿ ಕೊಡುವಾಗ ಒಂದು ಮಾತೂ ಆಡಲಿಲ್ಲ. ಮುಖ ಮಾತ್ರ ಸಾಕಷ್ಟು ಮಾತಾಡಿತು.

ಕಂಡೀಷನರ್ ಬಳಿದು ತುದಿಯಿಂದ ಬಿಡಿಸುತ್ತಾ ಬಂದೆ. ಬೇರೆಯವರ ಜಟೆ ಬಿಡಿಸಲು ದಿನಗಟ್ಟಲೆ ಬೇಕಂತೆ. ನನ್ನ ಕೈಕೆಲಸ ಒಂದು ಧಾರಾವಾಹಿ ಮುಗಿಯುವಷ್ಟರಲ್ಲಿ ಬಿಚ್ಚಿತು, ಅದರಲ್ಲಿ ಜಾಹೀರಾತೂ ಸೇರಿ. ಒಂದನ್ನು ಬಿಟ್ಟು. ಕತ್ತಿನ ಹಿಂದೆ, ನಾನು ಕೈಯನ್ನೇ ಹಾಕದ ಜಾಗದಲ್ಲಿ, ಕಿರುಬೆರಳಿನಷ್ಟು ಒಂದು ಗಂಟು. ಅವತ್ತಿನ ಚಿಕ್ಕಿಯ ಬೆಲ್ಲ ಕೈಯಿಂದ ಅಲ್ಲಿಗೆ ಹೋಗಿ, ಚಾದರದ ನೂಲು ಸೇರಿ, ರಾತ್ರಿಯೆಲ್ಲ ದಿಂಬಿಗೆ ತಿಕ್ಕಿಸಿಕೊಂಡು ತಯಾರಾದದ್ದು. ಬಿಸಿನೀರಿಗೆ ಬೆಲ್ಲ ಕರಗಿತು, ಗಂಟು ಕರಗಲಿಲ್ಲ. ಜಗ್ಗಿದರೂ ಬಿಚ್ಚಲಿಲ್ಲ. ಅಪ್ಪಟ ಜಟೆ. ನಮ್ಮನೆಯವರು ಫೋನಿನಲ್ಲಿ "ನಾಟೌಟ್!" ಎಂದು ಕೂಗಿದ್ದು ಅವರ ಆಫೀಸಿಗೆಲ್ಲ ಕೇಳಿಸಿರಬೇಕು.

ಭಾನುವಾರ ಕಟಿಂಗ್ ಅಂಗಡಿಗೆ ಅತ್ತೆಯೂ ಬಂದರು. ಅಂಗಡಿಯವನು ಸುತ್ತಲೂ ಸಣ್ಣಗೆ ಕತ್ತರಿಸಿ ಕೊನೆಗೆ ಆ ಗಂಟಿಗೆ ಕತ್ತರಿ ಹಚ್ಚಿದ. ಮಗ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು.

"ಏ ತಮ್ಮಾ, ಅದನ್ನ ಮುಟ್ಟಬ್ಯಾಡ. ಅದು ತಾನ ಬಂದದ್ದು."

ಅಂಗಡಿಯವನ ಕತ್ತರಿ ಗಾಳಿಯಲ್ಲೇ ನಿಂತಿತು. ಸರದಿಗೆ ಕೂತಿದ್ದವರು ಪೇಪರ್ ಕೆಳಗಿಳಿಸಿದರು. ಚಿಕ್ಕಿಯ ವಿಷಯ ಹೇಳೋಣ ಅಂದುಕೊಂಡೆ. ಅತ್ತೆಯ ಮುಖ ನೋಡಿ ಸುಮ್ಮನಾದೆ.

ಈಗ ಅದು ಶಾಲೆಗೆ ಹೋಗುವಾಗ ಕಾಲರಿನೊಳಗೆ, ಮನೆಗೆ ಬಂದ ಮೇಲೆ ಹೊರಗೆ. ಕ್ಲಾಸ್ ಟೀಚರ್ ಇನ್ನೂ ನೋಡಿಲ್ಲ. ಅಥವಾ ನೋಡಿದ್ದಾರೆ, ಸವದತ್ತಿ ಕಡೆಯವರಾದ್ದರಿಂದ ಏನೂ ಅಂದಿಲ್ಲ.