ಮೇಲೆ ಫೈಬರ್ ಹಚ್ಚಿದರೆ ಒಳಗಿನ ಕೊಳೆತ ನಿಲ್ಲುವುದಿಲ್ಲ

ನೀರಿನ ಮೇಲೆ ಸ್ಕೀ ಆಡುವವರನ್ನು ಎಳೆಯುವ ಹಳೇ ಸ್ಕೀ ಬೋಟಿನ ನೆಲ ಮೆತ್ತಗಾಗಿದ್ದರೆ ಮೇಲೊಂದು ಪದರ ಫೈಬರ್ ಹಾಕಿದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮೆತ್ತಗಾಗಿರುವುದು ಒಳಗಿನ ಪ್ಲೈವುಡ್. ಸ್ಕ್ರೂ ತೂತುಗಳಿಂದ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಅದನ್ನು ಕೊಳೆಸಿರುತ್ತದೆ. ತಳದ ಉದ್ದಕ್ಕೂ ಇರುವ, ಇಂಜಿನ್ ಕೂರುವ ಮರದ ತೊಲೆಗಳಾದ ಸ್ಟ್ರಿಂಗರ್‌ಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಅನುಮಾನವಿದ್ದಲ್ಲಿ ಸಣ್ಣ ತೂತು ಕೊರೆಯಿರಿ. ಕಪ್ಪು, ಒದ್ದೆ ಹುಡಿ ಬಂದರೆ ಆ ಭಾಗ ಕತ್ತರಿಸಿಯೇ ತೆಗೆಯಬೇಕು. ಬೋಟಿನ ತಳಕ್ಕೆ ಉದ್ದಕ್ಕೂ ಆಧಾರ ಕೊಟ್ಟು, ಒಂದು ಸಲಕ್ಕೆ ಒಂದೇ ಸ್ಟ್ರಿಂಗರ್ ತೆಗೆಯಿರಿ, ಇಲ್ಲದಿದ್ದರೆ ತಳ ಸೊಟ್ಟಗಾಗುತ್ತದೆ.

ಹೊಸ ಮರಕ್ಕೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿನ ಮರೈನ್ ಪ್ಲೈ ತನ್ನಿ. ಅಂಚು, ತೂತು ಎಲ್ಲಕ್ಕೂ ಎಪಾಕ್ಸಿ (ರಾಳ, ಹಾರ್ಡನರ್ ಎರಡನ್ನು ಅಳತೆಯಂತೆ ಬೆರೆಸಿ ಗಟ್ಟಿಯಾಗಿಸುವ ಅಂಟು) ಕುಡಿಸಿ. ಹಳೇ ಫೈಬರ್‌ನ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಹೊಸ ಫೈಬರ್ ಹಿಡಿಯುವಂತೆ ಇಳಿಜಾರಾಗಿ ಉಜ್ಜಿ, ಅಂದರೆ 5 ಮಿ.ಮೀ. ದಪ್ಪಕ್ಕೆ 60 ಮಿ.ಮೀ. ಫೈಬರ್‌ಗೆ ಬಳಸುವ ಇನ್ನೊಂದು ರಾಳ ಪಾಲಿಯೆಸ್ಟರ್‌ನ ಕೆಲಸ ಗೊತ್ತಿರುವವರು ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚು ಹಾಕುವುದುಂಟು. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ, ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ.

ಮಲ್ಪೆಯಲ್ಲಿ ಮೀನುಗಾರಿಕೆ ರಜೆಯ ಜೂನ್-ಜುಲೈಯಲ್ಲಿ ಬೋಟ್ ರಿಪೇರಿ ಮಾಡಿಸುವುದು ವಾಡಿಕೆ. ಈ ಕೆಲಸಕ್ಕೆ ಮಾತ್ರ ಆ ಮಳೆಗಾಲದ ತೇವ ಬೇಡ, ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.