‘ನನಗೆ ಹಂಗೆಲ್ಲ ಏನಿಲ್ಲಪ್ಪ’ ಅನ್ನುವವರ ಬಗ್ಗೆ

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಪಕ್ಕ ಕೂತವರು ‘ನನಗೆ ಜಾತಿಗೀತಿ ಏನಿಲ್ಲಪ್ಪ’ ಅಂದರೆ ನನಗೆ ಸಣ್ಣಗೆ ಹೆದರಿಕೆ ಶುರುವಾಗುತ್ತೆ. ‘ಇದ್ದರೂ ಇರಬಹುದು’ ಅನ್ನುವವರು ಕಡೇಪಕ್ಷ ಅದರ ಮೇಲೊಂದು ಕಣ್ಣಿಟ್ಟಿರುತ್ತಾರೆ.

1989ರಲ್ಲಿ ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ಡಿವೈನ್ ತೋರಿಸಿದ್ದೂ ಹೆಚ್ಚುಕಮ್ಮಿ ಇದನ್ನೇ. ಕಪ್ಪು ಜನಾಂಗದವರ ಬಗ್ಗೆ ಸಮಾಜದಲ್ಲಿ ಓಡಾಡುವ ‘ಅವರೆಲ್ಲ ಹಿಂಗೇ’ ಅನ್ನುವ ಸಿದ್ಧಮಾತುಗಳು (ಸ್ಟೀರಿಯೋಟೈಪ್) ಪೂರ್ವಗ್ರಹ ಜಾಸ್ತಿ ಇದ್ದವರಿಗೂ ಕಮ್ಮಿ ಇದ್ದವರಿಗೂ ಒಂದೇ ಥರ ಗೊತ್ತಿದ್ದವು. ವ್ಯತ್ಯಾಸ ಕಂಡಿದ್ದು ಯೋಚಿಸಿ ಬರೆಯಲು ಬಿಟ್ಟಾಗ. ಕಮ್ಮಿ ಪೂರ್ವಗ್ರಹದವರು ಆ ಸಿದ್ಧಮಾತನ್ನು ಪಕ್ಕಕ್ಕಿಟ್ಟು ತಮ್ಮ ನಂಬಿಕೆಯನ್ನು ಬರೆದರು.

ಹಾಗಂತ ‘ಅದನ್ನು ಯೋಚಿಸಲೇಬಾರದು’ ಅಂತ ಅದುಮಿಟ್ಟರೆ ಆಗುತ್ತಾ? 1994ರಲ್ಲಿ ಮನೋವಿಜ್ಞಾನಿ ನೀಲ್ ಮ್ಯಾಕ್ರೇ ಮತ್ತು ಜೊತೆಗಾರರು ಸ್ಕಿನ್‌ಹೆಡ್ ಒಬ್ಬನ (ತಲೆ ಬೋಳಿಸಿಕೊಂಡ, ಒರಟರು ಅಂತ ಹೆಸರಾದ ಗುಂಪಿನವನ) ಫೋಟೋ ಕೊಟ್ಟು ಇವನ ದಿನಚರಿ ಬರೆಯಿರಿ ಅಂದರು. ಅರ್ಧ ಜನಕ್ಕೆ ಮಾತ್ರ ‘ಸಿದ್ಧಮಾತು ಬೇಡ’ ಅಂತ ತಾಕೀತು. ಅವರು ಪಾಲಿಸಿದರು ಕೂಡ. ಆಮೇಲೆ ‘ಆತ ಈಗ ಬರುತ್ತಾನೆ’ ಅಂತ ಕುರ್ಚಿ ಸಾಲಿದ್ದ ಕೋಣೆಗೆ ಕಳಿಸಿದರು. ಒಂದು ಕುರ್ಚಿಯ ಮೇಲೆ ಅವನ ಜಾಕೆಟ್ಟು, ಬ್ಯಾಗು. ತಾಕೀತು ಪಾಲಿಸಿದ್ದವರೇ ಇನ್ನಷ್ಟು ದೂರ ಹೋಗಿ ಕೂತರು!

ನಮ್ಮ ಪ್ಯಾನೆಲ್‌ಗಳಲ್ಲಿ ಆ ಜಾಕೆಟ್ಟಿನ ಕೆಲಸವನ್ನು ಕುಶಲೋಪರಿಯೇ ಮಾಡುತ್ತೆ. ‘ಆರಾಮಾಗಿ ಕೂತ್ಕೊಳ್ಳಮ್ಮ. ಯಾವೂರು? ಅಪ್ಪ ಏನ್ ಮಾಡ್ತಾರೆ? ಮನೆದೇವ್ರು ಯಾವ್ದು?’ ಕೇಳುವವರಿಗೆ ಅದು ಬರೀ ಪ್ರೀತಿ. ಹುಡುಗಿ ಆಚೆ ಹೋದ ಮೇಲೆ ‘ಸಬ್ಜೆಕ್ಟ್ ಚೆನ್ನಾಗಿದೆ, ಕಮ್ಯುನಿಕೇಷನ್ ಸ್ವಲ್ಪ ವೀಕು’ ಅನ್ನುತ್ತಾರೆ. ಎಲ್ಲಿ ವೀಕು ಅಂತ ಕೇಳಿದರೆ ಉತ್ತರ ಇರಲ್ಲ.

ಆ ಕಡೆ ಕೂತವಳಿಗೂ ಇದು ತಾಗುತ್ತೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹ ಬಿಡಿಸಲು ಕೊಟ್ಟಿದ್ದರು. ಜಾತಿ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಹೆಚ್ಚುಕಮ್ಮಿ ಸಮಸಮ. ಎಲ್ಲರೆದುರು ಜಾತಿ ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ್ದು ಕಮ್ಮಿಯಾಯಿತು.

ಅದಕ್ಕೇ ನನಗೆ ಬರೀ ‘ಎಚ್ಚರವಾಗಿರಿ’ ಅನ್ನುವ ಟ್ರೈನಿಂಗ್‌ಗಳ ಮೇಲೆ ಅಷ್ಟು ಭರವಸೆಯಿಲ್ಲ. ಮಧ್ಯಾಹ್ನ ಊಟ ಆದ ಮೇಲಿನ ಆರನೇ ಕ್ಯಾಂಡಿಡೇಟ್ ಹೊತ್ತಿಗೆ ಯಾರ ಎಚ್ಚರ ಎಷ್ಟು ಉಳಿದಿರುತ್ತೆ? ಎಚ್ಚರ ಇರುವಾಗಲೇ ಒಂದು ಕಟ್ಟುಪಾಡು ಮಾಡಿಕೊಳ್ಳಬೇಕು. ಪ್ರಶ್ನೆ ಎಲ್ಲರಿಗೂ ಅವೇ, ಅಂಕ ಅವರವರೇ ಬರೆದ ಮೇಲಷ್ಟೇ ಚರ್ಚೆ, ‘ವೀಕು’ ಅಂದರೆ ಯಾವ ಉತ್ತರದಲ್ಲಿ ಅಂತ ಪಕ್ಕದಲ್ಲಿ ಒಂದು ಸಾಲು.

ಇದನ್ನು ಹೇಳಿದ್ದಕ್ಕೆ ಹಿರಿಯರೊಬ್ಬರು ‘ನಮ್ಮ ಮೇಲೇ ನಂಬಿಕೆ ಇಲ್ವೇನ್ರೀ?’ ಅಂತ ಮುನಿಸಿಕೊಂಡರು. ‘ನನ್ನ ಮೇಲೂ ಇಲ್ಲ ಸಾರ್’ ಅಂದೆ. ಈಗ ಅಂಕ ಮೊದಲೇ ಬರೆಯುತ್ತಾರೆ. ಮನೆದೇವ್ರನ್ನ ಕೇಳೋದು ಇನ್ನೂ ಬಿಟ್ಟಿಲ್ಲ.