ನಾಲ್ಕನೇ ಸ್ಟಿಕ್ಕರ್

ನಾನು ದಿನಾ ಓಡಾಡುವ ದಾರಿಯಲ್ಲಿ ಒಂದು ಗುಂಡಿ ಇದೆ. ಗುಂಡಿಯ ಪಕ್ಕ ಒಂದು ಬೋರ್ಡು. ಬೋರ್ಡಿನ ತುಂಬ ನೀಲಿ ಆಕಾಶ, ಕಣ್ಣು ಕುಕ್ಕುವಷ್ಟು ಹಸಿರು ಮರ, ಯಾವ ಕಾರಣಕ್ಕೋ ಒಂದೇ ಸಮ ನಗುತ್ತಿರುವ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಕೆಳಗೆ ‘ಕಾಮಗಾರಿ ಪೂರ್ಣಗೊಳ್ಳುವ ದಿನಾಂಕ’ ಅಂತ ಬರೆದಿದೆ. ದಿನಾಂಕದ ಮೇಲೆ ಒಂದು ಸ್ಟಿಕ್ಕರ್.

ಈ ವಾರ ನಾಲ್ಕನೆಯದು ಅಂಟಿಸಿದರು. ಗಾಳಿಗೆ ಒಂದು ಮೂಲೆ ಎದ್ದಿತ್ತು. ಸುಮ್ನೆ ಕುತೂಹಲಕ್ಕೆ ಎತ್ತಿ ನೋಡಿದೆ. ಕೆಳಗೆ ಮೂರನೆಯದು, ಅದರ ಕೆಳಗೆ ಎರಡನೆಯದು. ಬಂಡೆಯ ಪದರ ನೋಡಿ ಭೂಮಿಯ ವಯಸ್ಸು ಹೇಳುತ್ತಾರಲ್ಲ, ಹಾಗೆ ಈ ಬೋರ್ಡಿನ ವಯಸ್ಸನ್ನೂ ಹೇಳಬಹುದು. ಒಂದು ಮಾತಂತೂ ಒಪ್ಪಲೇಬೇಕು. ಆ ಇಡೀ ಯೋಜನೆಯಲ್ಲಿ ಟೈಮಿಗೆ ಸರಿಯಾಗಿ ನಡೆದಿರುವ ಕೆಲಸ ಸ್ಟಿಕ್ಕರ್ ಅಂಟಿಸುವುದೊಂದೇ. ಹಳೇ ತಾರೀಕು ದಾಟುವ ಮುಂಚೆಯೇ ಹೊಸದು ಬಂದಿರುತ್ತದೆ. ಒಂದು ದಿನವೂ ತಡ ಆಗಿಲ್ಲ. ಗುಂಡಿಯನ್ನೂ ಅವರಿಗೇ ವಹಿಸಿದ್ದರೆ ಇಷ್ಟು ಹೊತ್ತಿಗೆ ಮುಚ್ಚಿರುತ್ತಿತ್ತು.

ನಿಮ್ಮ ದಾರಿಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಲೆ ಕೊರೆಯುತ್ತಿರುವುದು ಆ ಮೊದಲನೇ ತಾರೀಕು. ಸ್ಟಿಕ್ಕರ್ ಅಲ್ಲದ್ದು, ಬೋರ್ಡಿನ ಜೊತೆಗೇ ಅಚ್ಚಾಗಿ ಬಂದದ್ದು. ಅದು ಎಲ್ಲಿಂದ ಬಂತು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇದೆ. ಹಿಂದಿನವರು ಪಾಪ, ಅಷ್ಟಕ್ಕೇ ನಗುತ್ತಿದ್ದರು. ಈಗಿನ ಪದ್ಧತಿ ಬೇರೆ. ಮೊದಲು ಕುಲಾವಿ ಹೊಲಿಸುತ್ತಾರೆ. ಆಮೇಲೆ, ಕೂಸಿನ ತಲೆ ಇದೇ ಅಳತೆಗೆ ಇರತಕ್ಕದ್ದು ಅಂತ ಆರ್ಡರ್ ಹೊರಡಿಸುತ್ತಾರೆ. ಇದಕ್ಕೆ ಪ್ಲಾನಿಂಗ್ ಅಂತ ಹೆಸರು.

ಇದನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೂ ಒಮ್ಮೆ ಸಿಕ್ಕಿತ್ತು. ದೊಡ್ಡ ಮೇಜು, ದೊಡ್ಡ ಪರದೆ, ದೊಡ್ಡವರು. ‘ಎಷ್ಟು ಟೈಮ್ ಬೇಕು? ಸಂಕೋಚ ಬೇಡ, ಹೇಳಿ’ ಅಂದರು. ನಾವು ಸಂಕೋಚ ಬಿಟ್ಟು ಹತ್ತು ತಿಂಗಳು ಅಂದೆವು. ಕೋಣೆ ತಣ್ಣಗಾಯಿತು. ‘ಇನ್ನೊಂದು ಸಲ ಯೋಚನೆ ಮಾಡಿ’ ಅಂದರು. ಒಂಬತ್ತು ಅಂದೆವು. ಅವರು ಕಿಟಕಿಯ ಆಚೆ ನೋಡಿದರು. ಎಂಟು ಅಂದೆವು. ಪೆನ್ನಿನ ಮುಚ್ಚಳ ಹಾಕಿದರು. ಏಳೂವರೆ. ಏಳು. ಆರು ಅಂದ ಕೂಡಲೇ ಮುಖದ ಮೇಲೆ ಬೆಳಕು ಬಂತು. ‘ನೋಡಿ, ಇದು ನಾನು ಹೇಳಿದ್ದಲ್ಲ, ನೀವೇ ಹೇಳಿದ್ದು’ ಅಂದರು. ಆರು ತಿಂಗಳಿಗೆ ಸರಿಯಾಗಿ ಉದ್ಘಾಟನೆಯ ಆಹ್ವಾನ ಪತ್ರಿಕೆ ಆಗಲೇ ಅಚ್ಚಿಗೆ ಹೋಗಿತ್ತು ಅಂತ ಗೊತ್ತಾಗಿದ್ದು ಆಚೆಗೆ ಬಂದ ಮೇಲೆ.

ಆ ಕೆಲಸ ಎಷ್ಟು ತಿಂಗಳು ಹಿಡಿಯಿತು ಅಂತ ಕೇಳಬೇಡಿ. ಹತ್ತಕ್ಕಂತೂ ಮುಗಿಯಲಿಲ್ಲ. ಯಾಕೆಂದರೆ, ನಿಜ ಹೇಳುತ್ತೇನೆ, ನಾವು ಮೊದಲು ಹೇಳಿದ ಹತ್ತು ಕೂಡ ಸುಳ್ಳೇ.

ಮನುಷ್ಯನ ಬುದ್ಧಿಯೇ ಹಾಗಂತೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಬೇಕಾಗುವ ಸಮಯವನ್ನು ಕಡಿಮೆ ಅಂದುಕೊಳ್ಳುವ ಈ ಕಾಯಿಲೆಗೆ 1979ರಲ್ಲೇ ‘ಪ್ಲಾನಿಂಗ್ ಫ್ಯಾಲಸಿ’ ಅಂತ ಹೆಸರಿಟ್ಟಿದ್ದಾರೆ. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ 33.9 ದಿನ. ಸರಿ, ಎಲ್ಲವೂ ಕೆಟ್ಟುಹೋಯಿತು ಅಂದುಕೊಳ್ಳಿ, ಆಗ? 48.6 ದಿನ. ನಿಜವಾಗಿ ಹಿಡಿದದ್ದು 55.5. ಕೆಟ್ಟದ್ದನ್ನು ಊಹಿಸಿ ಅಂದರೂ ಒಂದು ವಾರ ಕಡಿಮೆ ಊಹಿಸಿದ್ದರು! ಅದೂ ಎಂಥ ಕೆಲಸ? ಒಬ್ಬರೇ ಕೂತು ಬರೆಯುವುದು. ಟೆಂಡರ್ ಇಲ್ಲ, ಗುತ್ತಿಗೆದಾರ ಇಲ್ಲ, ನೆಲ ಅಗೆಯುವ ಹಾಗಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ವಿದ್ಯಾರ್ಥಿ ತನಗೆ ತಾನೇ ಮೋಸ ಹೋಗಿದ್ದ. ಆ ಮೇಜಿನ ಸುತ್ತ ಕೂತಿದ್ದ ನಮ್ಮಲ್ಲಿ ಯಾರೂ ಮೋಸ ಹೋಗಿರಲಿಲ್ಲ. ಆರು ತಿಂಗಳು ಆಗುವ ಮಾತಲ್ಲ ಅಂತ ಕೇಳಿದವರಿಗೂ ಗೊತ್ತಿತ್ತು, ಹೇಳಿದವರಿಗೂ ಗೊತ್ತಿತ್ತು, ನೀರಿನ ಬಾಟಲಿ ಇಡಲು ಬಂದ ಹುಡುಗನಿಗೂ ಗೊತ್ತಿತ್ತು. ಆದರೂ ಎಲ್ಲರೂ ಬರೆದುಕೊಂಡೆವು.

ಬರೆದುಕೊಂಡ ಮೇಲೆ ಚಾರ್ಟ್ ಬರುತ್ತದೆ. ಗ್ಯಾಂಟ್ ಚಾರ್ಟ್ ನೋಡದೆ ಇರುವವರು ಈಗ ಯಾರಿದ್ದಾರೆ? ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ಪಟ್ಟಿ. ಒಂದು ಮುಗಿದಲ್ಲಿಂದ ಇನ್ನೊಂದು ಶುರು, ಜಲಪಾತದ ಹಾಗೆ ಮೇಲಿನಿಂದ ಕೆಳಕ್ಕೆ. ಏನು ಚೆಂದ! ಮೌಸಿನಲ್ಲಿ ಹಿಡಿದು ಎಳೆದರೆ ಮೂರು ತಿಂಗಳ ಅಡಿಪಾಯ ಮೂರು ವಾರಕ್ಕೆ ಕುಗ್ಗುತ್ತದೆ. ಗೋಡೆ ಒಣಗುವ ಮುಂಚೆ ಬಣ್ಣ ಬಳಿಯಬಹುದು. ಬೇಕೆಂದರೆ ಅಡಿಪಾಯಕ್ಕೂ ಮುಂಚೆ ಬಳಿಯಬಹುದು, ಪರದೆ ಬೇಡ ಅನ್ನುವುದಿಲ್ಲ. ಕಾಂಕ್ರೀಟು ಮಾತ್ರ ಹಟಮಾರಿ. ಅದು ಗಟ್ಟಿಯಾಯಿತಾ ಅಂತ ಪರೀಕ್ಷೆ ಮಾಡುವುದೇ 28ನೇ ದಿನ. ಮೌಸು ಅಂದರೆ ಅದಕ್ಕೆ ಭಯವಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಯಾಕೆಂದರೆ ಈ ಚಾರ್ಟಿನ ಹುಟ್ಟಿನ ಕಥೆ ನನಗೆ ತುಂಬ ಇಷ್ಟ. ಹೆನ್ರಿ ಗ್ಯಾಂಟ್ ಅಮೆರಿಕದ ಇಂಜಿನಿಯರ್, 1910ರ ದಶಕದಲ್ಲಿ ಇದನ್ನು ಹೆಸರುವಾಸಿ ಮಾಡಿದರು. ಆದರೆ ಅವರಿಗಿಂತ ಮುಂಚೆ, 1896ರಲ್ಲೇ, ಪೋಲೆಂಡಿನ ಕರೋಲ್ ಆಡಮಿಯೆಟ್ಸ್ಕಿ ಎಂಬುವರು ಹೆಚ್ಚು ಕಡಿಮೆ ಇಂಥದ್ದೇ ಒಂದು ಚಾರ್ಟ್ ಮಾಡಿಕೊಂಡಿದ್ದರು. ಯಾವ ಕೆಲಸ ಯಾವುದರ ಮೇಲೆ ನಿಂತಿದೆ ಅನ್ನುವುದನ್ನೂ ಅದು ತೋರಿಸುತ್ತಿತ್ತು. ಆದರೆ ಅದನ್ನು ವಿವರವಾಗಿ ಬರೆದು ಪ್ರಕಟಿಸಿದ್ದು 1931ರಲ್ಲಿ, ಅದೂ ಪೋಲಿಷ್ ಭಾಷೆಯಲ್ಲಿ. ಅಷ್ಟು ಹೊತ್ತಿಗೆ ಗ್ಯಾಂಟ್ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಗಿ, ಗ್ಯಾಂಟ್ ಸತ್ತೇ 12 ವರ್ಷ ಆಗಿತ್ತು. ಅಂದರೆ ವೇಳಾಪಟ್ಟಿಯ ಮೂಲಪುರುಷರೇ 35 ವರ್ಷ ಲೇಟು. ಯಾರಾದರೂ ಡೆಡ್‌ಲೈನ್ ಅಂತ ಬೈದಾಗ ನಾನು ಮನಸ್ಸಿನಲ್ಲೇ ಈ ಆಡಮಿಯೆಟ್ಸ್ಕಿಯವರಿಗೆ ಕೈ ಮುಗಿಯುತ್ತೇನೆ.

ಚಾರ್ಟ್ ಸಾಲದು ಅಂತ 1958ರಲ್ಲಿ ಪರ್ಟ್ ಎಂಬ ಲೆಕ್ಕದ ಪದ್ಧತಿ ಬಂತು. ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗೆ ಅಂತ ಮಾಡಿದ್ದು. ಪ್ರತಿ ಕೆಲಸಕ್ಕೂ ಮೂರು ಅಂದಾಜು ಕೇಳುತ್ತಾರೆ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಹಾರ್ವಿ ಸಪೋಲ್ಸ್ಕಿ ಎಂಬ ವಿದ್ವಾಂಸರು ಆಮೇಲೆ ಇದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಬೇರೆಯೇ ಸಂಗತಿ. ಪರ್ಟ್ ಕ್ಷಿಪಣಿ ಕಟ್ಟಲು ಸಹಾಯ ಮಾಡಿದ್ದಕ್ಕಿಂತ, ಮೇಲಿನಿಂದ ತನಿಖೆಗೆ ಬರುವವರನ್ನು ದೂರ ಇಡಲು ಜಾಸ್ತಿ ಸಹಾಯ ಮಾಡಿತ್ತು. ಅಷ್ಟು ದೊಡ್ಡ ಬಲೆಯಂಥ ಚಿತ್ರ ಗೋಡೆಯ ಮೇಲೆ ಇದ್ದರೆ ಯಾರು ಪ್ರಶ್ನೆ ಕೇಳುತ್ತಾರೆ ಹೇಳಿ. ಕೆಲಸ ಮಾಡುವವರನ್ನು ನೆಮ್ಮದಿಯಾಗಿ ಬಿಟ್ಟಿತು ಅಂತ ಲೆಕ್ಕ. ಅದೇ ಒಂದು ಉಪಕಾರ.

ಇನ್ನು ತಲೆಯಿಲ್ಲದೆ ಕೆಲಸ ಶುರು ಮಾಡುವ ವಿಷಯ. ಬೈಗುಳ ಅಲ್ಲ ಇದು, ನಡೆದದ್ದು. ಸಿಡ್ನಿಯ ಒಪೆರಾ ಹೌಸ್ ಕೆಲಸ 1959ರ ಮಾರ್ಚಿನಲ್ಲಿ ಶುರುವಾದಾಗ ಅದರ ಚಾವಣಿಯನ್ನು ಹೇಗೆ ನಿಲ್ಲಿಸುವುದು ಅಂತ ಯಾರಿಗೂ ಗೊತ್ತಿರಲಿಲ್ಲ. ವಿನ್ಯಾಸ ಇನ್ನೂ ಮುಗಿದಿಲ್ಲ ಅಂತ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಹೇಳಿದರು. ಸರ್ಕಾರಕ್ಕೆ ಅವಸರ. ತಡ ಮಾಡಿದರೆ ದುಡ್ಡು ಕೈತಪ್ಪೀತು, ಜನರ ಮನಸ್ಸು ತಿರುಗೀತು ಅನ್ನುವ ಹೆದರಿಕೆ. ಶುರು ಮಾಡಿಯೇ ಬಿಟ್ಟರು. ಚಾವಣಿಯ ಲೆಕ್ಕ ಕೊನೆಗೂ ಕೂಡಿ ಬಂದದ್ದು 1961ರಲ್ಲಿ. ನೋಡಿದರೆ, ಕೆಳಗೆ ಕಟ್ಟಿದ್ದ ಕಂಬಗಳಿಗೆ ಆ ಭಾರ ಹೊರುವ ಶಕ್ತಿಯೇ ಇಲ್ಲ. ಒಡೆದರು, ಮತ್ತೆ ಕಟ್ಟಿದರು. 1963ರ ಜನವರಿಗೆ ಮುಗಿಯಬೇಕಾದದ್ದು 1973ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಹೋಗಿ ನಿಂತಿತು. ಉಟ್ಸನ್ 1966ರಲ್ಲೇ ಜಗಳವಾಡಿ ಬಿಟ್ಟು ಹೋದರು. ಮುಗಿದ ಕಟ್ಟಡವನ್ನು ಅವರು ಕಣ್ಣಾರೆ ನೋಡಲೇ ಇಲ್ಲ.

ತೊಂದರೆ ಏನೆಂದರೆ, ಕಟ್ಟಡ ಅದ್ಭುತವಾಗಿ ಬಂತು. ಪ್ರಪಂಚವೆಲ್ಲ ಹೋಗಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತದೆ. ಹಾಗಾಗಿ ಇವತ್ತಿಗೂ ಯಾವ ಮೀಟಿಂಗಿನಲ್ಲಿ ತಡ ಅಂತ ಬಾಯಿ ಬಿಟ್ಟರೂ ಒಬ್ಬರು ಕುರ್ಚಿಗೆ ಒರಗಿ, ‘ಸಿಡ್ನಿಯಲ್ಲೂ ಹಾಗೇ ಆಗಿತ್ತಲ್ವಾ’ ಅನ್ನುತ್ತಾರೆ. ಸಾರ್, ಅದು ಒಪೆರಾ ಹೌಸ್. ನಮ್ಮದು ಚರಂಡಿ.

ಬರ್ಲಿನ್ ವಿಮಾನ ನಿಲ್ದಾಣವನ್ನು ಮಾತ್ರ ಯಾರೂ ಉದಾಹರಣೆ ಕೊಡುವುದಿಲ್ಲ. 2012ರ ಜೂನ್ 3ಕ್ಕೆ ಉದ್ಘಾಟನೆ ಅಂತ ಹೇಳಿ, ಇನ್ನು ನಾಲ್ಕು ವಾರ ಕೂಡ ಇಲ್ಲ ಅನ್ನುವಾಗ ರದ್ದು ಮಾಡಿದರು. ಬೆಂಕಿ ಬಿದ್ದರೆ ಹೊಗೆ ಹೊರಗೆ ಹಾಕುವ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ನಿಲ್ದಾಣ ತೆರೆದಿದ್ದು 2020ರ ಅಕ್ಟೋಬರ್ 31ಕ್ಕೆ. ನಡುವೆ ನೆಲದಡಿಯ ರೈಲು ಸುರಂಗಕ್ಕೆ ಗಾಳಿಯಾಡಲಿ ಅಂತ ಖಾಲಿ ರೈಲು ಓಡಿಸುತ್ತಿದ್ದರು. ವಿಮಾನದ ಸಮಯ ತೋರಿಸಬೇಕಿದ್ದ 750 ಪರದೆಗಳು ಒಬ್ಬ ಪ್ರಯಾಣಿಕನಿಗೂ ಉಪಯೋಗಕ್ಕೆ ಬಾರದೆ ಆಯಸ್ಸು ಮುಗಿಸಿದವು, ಬದಲಾಯಿಸಬೇಕಾಯಿತು. ಅದೂ ಜರ್ಮನಿಯಲ್ಲಿ! ಈ ಸುದ್ದಿ ಓದಿದ ದಿನ ನಮ್ಮ ಗುಂಡಿಯ ಮೇಲೆ ನನಗೆ ಸ್ವಲ್ಪ ಮಮತೆ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಬೆಂಟ್ ಫ್ಲೂಬಿಯರ್ ಎಂಬ ಡೆನ್ಮಾರ್ಕಿನ ಪ್ರೊಫೆಸರ್ 16,000ಕ್ಕೂ ಹೆಚ್ಚು ಯೋಜನೆಗಳ ಲೆಕ್ಕ ಕೂಡಿಟ್ಟಿದ್ದಾರೆ. ಹೇಳಿದ ದುಡ್ಡಿನಲ್ಲಿ, ಹೇಳಿದ ಟೈಮಿಗೆ ಮುಗಿದವು ನೂರಕ್ಕೆ ಎಂಟೂವರೆ. ಉಳಿದ ತೊಂಬತ್ತೊಂದೂವರೆ ಯೋಜನೆಗಳಿಗೂ ಮೊದಲ ದಿನ ಒಂದು ಚಾರ್ಟ್ ಇತ್ತು ಅಂತ ನೆನೆಸಿಕೊಳ್ಳಿ. ಅವಕ್ಕೂ ಬಣ್ಣ ಬಳಿದಿದ್ದರು.

ತಡವಾದ ಮೇಲೆ ಬರುವ ಪದವೊಂದಿದೆ. ‘ಅನಿರೀಕ್ಷಿತ’. ಅನಿರೀಕ್ಷಿತ ಮಳೆ. ಪ್ರತಿ ವರ್ಷ ಅದೇ ತಿಂಗಳಿಗೆ ಬರುವ ಮಳೆ, ಆದರೂ ಅನಿರೀಕ್ಷಿತ. ನೆಲದ ಕೆಳಗೆ ಅನಿರೀಕ್ಷಿತ ಬಂಡೆ. ನೆಲದ ಕೆಳಗೆ ಇನ್ನೇನು ಇರುತ್ತದೆ ಅಂದುಕೊಂಡಿದ್ದರೋ! ಅನಿರೀಕ್ಷಿತ ಪೈಪು. ಆ ಪೈಪು ಪಕ್ಕದ ಇಲಾಖೆಯ ನಕ್ಷೆಯಲ್ಲಿದೆ. ನಕ್ಷೆ ಪಕ್ಕದ ಕಟ್ಟಡದಲ್ಲಿದೆ. ಎರಡು ಕಟ್ಟಡದ ನಡುವೆ ಒಂದು ಗೇಟ್ ಇದೆ. ಅದನ್ನು ದಾಟಿ ಹೋಗಿ ಕೇಳುವುದಕ್ಕೆ ಚಾರ್ಟಿನಲ್ಲಿ ಪಟ್ಟಿ ಇರಲಿಲ್ಲ ಅಂತ ಕಾಣುತ್ತದೆ. ಮಣ್ಣು ಪರೀಕ್ಷೆಗೆ ಎರಡು ವಾರ ಅಂತ ಯಾರೋ ಬರೆದಿದ್ದರಂತೆ. ಆರು ತಿಂಗಳಿಗೆ ಹೊಂದಿಸುವಾಗ ಮೊದಲು ಹೋಗಿದ್ದು ಅದೇ.

ಮೊನ್ನೆ ಗುಂಡಿಯೊಳಗೆ ಇದ್ದವರೊಬ್ಬರನ್ನು ಕೇಳಿದೆ, ಯಾವಾಗ ಮುಗಿಯುತ್ತೆ ಅಂತ. ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದರು. ಮೇಲೆ ನೋಡಿ, ‘ನಮ್ಮನ್ನ ಯಾರು ಕೇಳಿದ್ರು ಸಾರ್’ ಅಂದರು. ದೂರಿನ ದನಿ ಇರಲಿಲ್ಲ. ನನ್ನ ಪ್ರಶ್ನೆ ಅವರಿಗೆ ತಮಾಷೆಯಾಗಿ ಕಂಡಿರಬೇಕು.

ನನಗೆ ನಗು ಬರಲಿಲ್ಲ. ಇಷ್ಟು ಹೊತ್ತು ತಮಾಷೆ ಮಾಡಿದೆ, ಸಾಕು. ಈ ಕೆಲಸ ಇಪ್ಪತ್ತು ಸಲ ಮಾಡಿದವರು ಕೆಳಗೆ ಇದ್ದಾರೆ, ಒಂದು ಸಲವೂ ಮಾಡದವರು ಮೇಲೆ ಕೂತು ತಾರೀಕು ಹಾಕುತ್ತಾರೆ. ತಾರೀಕು ತಪ್ಪಿದ ದಿನ ಮೇಲಿನವರು ಕೆಳಗೆ ಬಂದು ಅವರನ್ನೇ ಬೈಯುತ್ತಾರೆ. ರಾತ್ರಿಯೆಲ್ಲ ದೀಪ ಹಾಕಿ ಕೆಲಸ ಮಾಡಿ ಅನ್ನುತ್ತಾರೆ. ಗಡಿಬಿಡಿಯಲ್ಲಿ ಹಾಕಿದ ಕಾಂಕ್ರೀಟು ಬಿರುಕು ಬಿಟ್ಟರೆ ಅದಕ್ಕೂ ಅವರೇ. ಅಷ್ಟರಲ್ಲಿ ತಾರೀಕು ಹಾಕಿದವರಿಗೆ ವರ್ಗವಾಗಿರುತ್ತದೆ, ಎಷ್ಟೋ ಸಲ ಬಡ್ತಿಯೂ ಆಗಿರುತ್ತದೆ. ಗುಂಡಿಯ ಮೇಲಿನ ಹಲಗೆಯ ಮೇಲೆ ಒಬ್ಬ ಅಜ್ಜಿ ಗೋಡೆ ಹಿಡಿದು ದಾಟುತ್ತಾರೆ, ದಿನಾ ಎರಡು ಸಲ. ಅವರನ್ನು ಯಾವ ಚಾರ್ಟಿನಲ್ಲೂ ಯಾರೂ ಬರೆದಿಲ್ಲ.

ಆಗುವುದೇ ಇಲ್ಲ ಅಂತಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1930ರ ಮಾರ್ಚ್ 17ಕ್ಕೆ ಶುರುವಾಗಿ 1931ರ ಮೇ 1ಕ್ಕೆ ಉದ್ಘಾಟನೆಯಾಯಿತು. 102 ಅಂತಸ್ತು, ಹದಿಮೂರೂವರೆ ತಿಂಗಳು, ಅಂದಾಜಿಗಿಂತ ಕಡಿಮೆ ಖರ್ಚು. ಉಕ್ಕಿನ ತೊಲೆಗಳ ಮೇಲೆ ಅವು ಎಲ್ಲಿ ಹೋಗಿ ಕೂರಬೇಕು ಅಂತ ಮೊದಲೇ ಗುರುತು ಹಾಕಿ ಕಳಿಸುತ್ತಿದ್ದರು. ಏನು ಕಟ್ಟುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಗುಂಡಿ ಎಷ್ಟು ಆಳ ಹೋಗಬೇಕು ಅನ್ನುವುದೇ ಇನ್ನೂ ಚರ್ಚೆಯಲ್ಲಿದೆ ಅಂತ ಕೇಳಿದೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅಲ್ಲೊಂದು ಬದಲಾವಣೆ ಆಯಿತು. ಇವತ್ತು ಬೆಳಿಗ್ಗೆ ನೋಡಿದರೆ ಹಳೇ ಬೋರ್ಡು ಇಲ್ಲ, ಹೊಸದು ಬಂದಿದೆ. ಅದೇ ಆಕಾಶ, ಅದೇ ಮರ, ಅದೇ ನಾಲ್ಕು ಜನ ನಗುತ್ತಿದ್ದಾರೆ. ದಿನಾಂಕದ ಜಾಗದಲ್ಲಿ ಮಾತ್ರ ಸ್ಟಿಕ್ಕರ್ ಇಲ್ಲ. ಅಲ್ಲೊಂದು ಪಾರದರ್ಶಕ ಪ್ಲಾಸ್ಟಿಕ್ಕಿನ ಜೇಬು ಹೊಲಿಸಿದ್ದಾರೆ. ಒಳಗೆ ಒಂದು ಚೀಟಿ. ಮಳೆಗೆ ನೆನೆಯುವುದಿಲ್ಲ, ಮೂಲೆ ಏಳುವುದಿಲ್ಲ, ಗೋಂದಿನ ಖರ್ಚಿಲ್ಲ, ಚೀಟಿ ತೆಗೆದು ಇನ್ನೊಂದು ತೂರಿಸಿದರೆ ಆಯಿತು. ಯಾರೋ ಕೂತು, ಮುಂದಿನ ಹತ್ತು ವರ್ಷ ಯೋಚನೆ ಮಾಡಿ, ಅಳತೆ ತೆಗೆದು ಹೊಲಿಸಿದ್ದಾರೆ.